ಐಸಿಗೆ ಹಾಕಿದ ಉಪ್ಪು

ಅದು ನಮ್ಮ ಮನೆಯ ಕೊನೆಯ ಸಾಮಾನ್ಯ ಮಧ್ಯಾಹ್ನ. ನಮ್ಮವರು ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಬಂದು ಊಟಕ್ಕೆ ಕುಳಿತು, ಬಂಗುಡೆ ಮೀನಿನ ಸಾರು ಬಾಯಿಗಿಟ್ಟು, ಮದುವೆಯಾದಂದಿನಿಂದ ಹೇಳುತ್ತಿದ್ದುದನ್ನೇ ಹೇಳಿದರು: "ಉಪ್ಪು ಹೆಚ್ಚಾಯ್ತು ಮಾರಾಯ್ತಿ."

ಊಟ ಮುಗಿಸಿ ಬಚ್ಚಲಿಗೆ ಹೋಗಿ ಬಂದವರು, "ಮೂತ್ರ ಸ್ವಲ್ಪ ಕೆಂಪು ಉಂಟು" ಎಂದರು.

"ನಿನ್ನೆ ಬೀಟ್ರೂಟ್ ತಿಂದದ್ದಲ್ವಾ? ಎಂತ ಆಗ್ಲಿಕ್ಕುಂಟು!" ಎಂದೆ. ಏಳನೆಯ ಕ್ಲಾಸು ಕಲಿತವಳ ರೋಗನಿರ್ಣಯ!

ವಾರ ಕಳೆದರೂ ಕೆಂಪು ಹೋಗಲಿಲ್ಲ. ಕಂಕನಾಡಿಯ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೂತ್ರಕೋಶದ ಒಳಗೋಡೆಯ ಜೀವಕೋಶಗಳ ಮೇಲೆ ಯೂರೋಪ್ಲಾಕಿನ್ ಎಂಬ ಪ್ರೋಟೀನು, ಮಾಡಿಗೆ ಹೆಂಚು ಹಾಸಿದಂತೆ, ಒತ್ತಾಗಿ ಇರುತ್ತದಂತೆ. ಅದಿರುವುದರಿಂದ ಮೂತ್ರ ಗೋಡೆಯೊಳಗೆ ಇಂಗುವುದಿಲ್ಲ.

"ದೋಣಿಗೆ ಎಣ್ಣೆ ಬಳಿದ ಹಾಗೆ," ಎಂದರು ನಮ್ಮವರು. "ಅದು ಹೊರಗಿನ ನೀರಿಗೆ, ಇದು ಒಳಗಿನ ನೀರಿಗೆ."

ಡಾಕ್ಟರು ತಲೆದೂಗಿದರು. ಮೂತ್ರದಲ್ಲಿ ಉದುರಿ ಬರುವ ಆ ಜೀವಕೋಶಗಳನ್ನು ನೋಡಿದರೆ ಕ್ಯಾನ್ಸರಿನ ಸುಳಿವು ಸಿಗಬಹುದು, ಬಾಟಲಿಯಲ್ಲಿ ತನ್ನಿ, ತಂಪಾಗಿರಲಿ ಎಂದರು.

ತಂಪು! ಮೀನು ಮಾರುವವಳಿಗೆ ತಂಪಿನ ಪಾಠವೇ? ಬೆಳಿಗ್ಗೆ ನನ್ನ ಥರ್ಮಾಕೋಲ್ ಪೆಟ್ಟಿಗೆಗೆ ಪುಡಿ ಐಸು ತುಂಬಿಸಿ, ನಡುವೆ ಬಾಟಲಿ ಹುಗಿದೆ. ಮೇಲೆ ಎರಡು ಬೊಗಸೆ ಕಲ್ಲುಪ್ಪು. ಉಪ್ಪು ಬಿದ್ದರೆ ಐಸಿನ ಚಳಿ ಇಮ್ಮಡಿ. ಇದು ಅತ್ತೆ ಕಲಿಸಿದ ವಿದ್ಯೆ. ಮಾರ್ಕೆಟಿನ ವ್ಯಾಪಾರ ಮುಗಿಸಿಯೇ, ತಲೆಯೆತ್ತಿಕೊಂಡು, ನಮ್ಮವರ ಜೊತೆ ಲ್ಯಾಬಿಗೆ ಹೋದೆ.

ಲ್ಯಾಬಿನ ಹುಡುಗಿ ಮುಚ್ಚಳ ತೆಗೆದು ಬಾಟಲಿ ಬಗ್ಗಿಸಿದಳು. ಪೂರ್ತಿ ತಲೆಕೆಳಗೆ ಮಾಡಿದಳು. ಒಂದು ಹನಿಯೂ ಬೀಳಲಿಲ್ಲ!

"ಆಂಟಿ, ಇದೆಂತ ಐಸ್ ಕ್ಯಾಂಡಿಯಾ? ಗಟ್ಟಿಯಾದ್ರೆ ಸೆಲ್ಸ್ ಎಲ್ಲ ಒಡೀತದೆ. ಮತ್ತೆ ಬಂಗುಡೆ ವಾಸನೆ ಬೇರೆ!"

"ಐಸಿಗೆ ಸ್ವಲ್ಪ ಉಪ್ಪು ಹಾಕಿದ್ದೆ..." ಎಂದೆ ಮೆಲ್ಲಗೆ.

ಬೆಂಚಿನ ಮೇಲಿದ್ದ ನಮ್ಮವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಲ್ಲಿಯೂ ಉಪ್ಪು ಹೆಚ್ಚಾಯ್ತಲ್ಲ ಮಾರಾಯ್ತಿ!"

ಮರುದಿನ ಪೆಟ್ಟಿಗೆ ಮನೆಯಲ್ಲೇ ಬಿಟ್ಟು ಹೋಗಿ, ಮೂತ್ರವನ್ನು ಲ್ಯಾಬಿನಲ್ಲಿಯೇ ಹಿಡಿದು ಕೊಟ್ಟೆವು. ವರದಿ ಒಳ್ಳೆಯದಿರಲಿಲ್ಲ. ಆ ಒಂದು ದಿನ ತಡವಾದದ್ದರಿಂದ ಏನೂ ಹೆಚ್ಚುಕಡಿಮೆ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಬೀಟ್ರೂಟಿನ ವಾರದ ಬಗ್ಗೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ನಮ್ಮವರು ಹೋಗಿ ಮಳೆಗಾಲವೊಂದು ಕಳೆಯಿತು. ಪೆಟ್ಟಿಗೆ ಈಗಲೂ ಮಾರ್ಕೆಟಿಗೆ ನನ್ನ ಜೊತೆ ಬರುತ್ತದೆ. ಸಾರಿಗೆ ಉಪ್ಪು ಈಗಲೂ ಹೆಚ್ಚೇ ಬೀಳುತ್ತದೆ. ಹೇಳುವವರಿಲ್ಲ.