ಮಾತಾಡುತ್ತಾ ಪೆಡಲು ತುಳಿಯುವುದು

ಪೆಡಲು ತುಳಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡೇ ಐವತ್ತು ದಾಟಿದವನು ನಾನು. ಮೈಸೂರಿನಲ್ಲಿ ಕಲಿತದ್ದು ಅಪ್ಪನ ಗೇರಿಲ್ಲದ ಸೈಕಲ್ಲಿನಲ್ಲಿ. ಏರು ಬಂದರೆ ಸೀಟಿನಿಂದೆದ್ದು, ಹಲ್ಲು ಕಚ್ಚಿ ತುಳಿಯಬೇಕು. ಇಳಿದು ತಳ್ಳಿದರೆ ಮರ್ಯಾದೆ ಹೋಯಿತು. ಆ ಅಭ್ಯಾಸ ನನ್ನ ಜೊತೆ ಕಡಲು ದಾಟಿ ಫಾಸ್ಟರ್ ಸಿಟಿಗೂ ಬಂದಿದೆ. ಇಲ್ಲಿಯ ಸೈಕಲ್ಲಿಗೆ ಬೇಕಾದಷ್ಟು ಗೇರುಗಳಿದ್ದರೂ ನಾನು ಹಾಕುತ್ತಿದ್ದದ್ದು ಅತಿ ಭಾರದ್ದೊಂದನ್ನೇ. ಹಗುರ ಗೇರಿನಲ್ಲಿ ಹೋಗುವುದೆಂದರೆ ಲಿಫ್ಟಿನಲ್ಲಿ ಹೋಗಿ ಮೆಟ್ಟಿಲು ಹತ್ತಿದೆ ಅಂದ ಹಾಗೆ ಎಂಬುದು ನನ್ನ ಸಿದ್ಧಾಂತ. ಮೊಣಕಾಲು ಒಪ್ಪುತ್ತಿರಲಿಲ್ಲ. ಅದನ್ನು ಕೇಳುವವರಾರು?

ನನ್ನ ಹೆಂಡತಿ ಸುಧಾ ಹುಬ್ಬಳ್ಳಿಯವಳು. ವಾರವಿಡೀ ನಮ್ಮ ಮಾತು 'ಗ್ರೋಸರಿ ತಂದ್ರೇನ್ರಿ?', 'ಮೀಟಿಂಗಲ್ಲಿದ್ದೀನಿ' ಎಂಬುದರಲ್ಲೇ ಮುಗಿದುಹೋಗುತ್ತದೆ. ಭಾನುವಾರ ಬೆಳಿಗ್ಗೆಯಾದರೂ ಕೊಲ್ಲಿಯ ದಂಡೆಯಲ್ಲಿ ಪಾಲೋ ಆಲ್ಟೋವರೆಗೆ ಜೊತೆಗೆ ಸೈಕಲ್ ಹೊಡೆಯೋಣ ಎಂದವಳು ಅವಳೇ. ಹಗುರ ಗೇರಿನಲ್ಲಿ ಕಾಲಾಡಿಸುತ್ತಾ ಅವಳು ಏನೋ ಹೇಳುತ್ತಿದ್ದಳು. ನಾನು 'ಹೂಂ' ಎನ್ನಲೂ ಉಸಿರಿಲ್ಲದೆ ಬುಸುಗುಟ್ಟುತ್ತಾ ಮುಂದೆ ನುಗ್ಗುತ್ತಿದ್ದೆ.

ಕಳೆದ ತಿಂಗಳು ಹೀಗೇ ನುಗ್ಗಿ, ಸುಸ್ತಾಗಿ, ದಾರಿಬದಿಯ ಬೆಂಚಿನ ಮೇಲೆ ಕುಸಿದಿದ್ದೆ. ಅವಳು ಆರಾಮಾಗಿ ಬಂದು ನಿಂತಳು.

"ಅಲ್ರೀ, ನಿಮ್ಮ ಬೆನ್ನು ನೋಡಾಕ ನಾ ಇಷ್ಟು ದೂರ ಬರಬೇಕೇನು? ಮುಂದಿನ ವಾರದಿಂದ ನೀವೊಬ್ರೇ ಹೋಗ್ರಿ."

"ಯಾಕೆ, ನಿಧಾನಕ್ಕೆ ಹೋಗ್ಲಾ?"

"ನಿಧಾನ ಬ್ಯಾಡ. ಗೇರ್ ಇಳಸ್ರಿ, ಕಾಲು ಲಗುಲಗು ಆಡಸ್ರಿ. ಮಾತಾಡಾಕ ಉಸಿರು ಉಳೀಬೇಕು, ಅಷ್ಟ."

ನನಗೆ ಗಾಬರಿಯಾಯಿತು. ಆ ಒಂದು ಬೆಳಿಗ್ಗೆಯೂ ಕೈತಪ್ಪಿದರೆ ನಮಗೆ ಉಳಿಯುವುದು ಗ್ರೋಸರಿ ಮಾತ್ರ. ಗೇರು ಇಳಿಸಿದೆ. ಮೊದಲು ಕಾಲು ಬರೀ ಗಾಳಿಯಲ್ಲಿ ತಿರುಗಿದಂತಾಗಿ ಸೀಟಿನ ಮೇಲೆ ಕುಪ್ಪಳಿಸಿದೆ. ಪಕ್ಕದಲ್ಲಿ ಹಾದುಹೋದ ಅಜ್ಜಿಯೊಬ್ಬರು "ಗುಡ್ ಜಾಬ್" ಎಂದು ಬೇರೆ ಹುರಿದುಂಬಿಸಿದರು! ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲಿಗೊಂದು ಲಯ ಸಿಕ್ಕಿತು. ಮೊಣಕಾಲು ಸುಮ್ಮನಾಯಿತು, ಎದುರುಗಾಳಿಯಲ್ಲೂ ಉಸಿರು ಕಟ್ಟಲಿಲ್ಲ.

ಆಗ ಸುಧಾಳ ಮಾತು ಕಿವಿಗೆ ಬಿತ್ತು. ಅವಳಿಗೆ ಕೆಲಸ ಸಾಕಾಗಿದೆ, ಬಿಡಬೇಕೆಂದಿದ್ದಾಳೆ, ಒಬ್ಬಳೇ ನಿರ್ಧರಿಸಲು ಭಯ. ಇದನ್ನೇ ಎಷ್ಟೋ ಭಾನುವಾರಗಳಿಂದ ನನ್ನ ಬೆನ್ನಿಗೆ ಹೇಳುತ್ತಾ ಬಂದಿದ್ದಳಂತೆ.

ಈಗ ನನಗೆ ಉಸಿರು ಧಾರಾಳವಾಗಿ ಉಳಿಯುತ್ತದೆ. ಹೋದ ಭಾನುವಾರ ಅವಳು ಮತ್ತೆ ಕೆಲಸದ ವಿಷಯ ತೆಗೆದಳು. ಅಷ್ಟರಲ್ಲಿ ನಾನು, ಪೆಡಲನ್ನು ಯಾವ ವೇಗದಲ್ಲಿ ತುಳಿದರೆ ಮೊಣಕಾಲಿಗೆ ಹಿತ ಎಂಬುದನ್ನು ಅವಳಿಗೇ ವಿವರಿಸತೊಡಗಿದ್ದೆ.

"ಉಸಿರು ಉಳಿಸ್ಕೋರಿ ಅಂದಿದ್ದು ನಂದ ತಪ್ಪು ನೋಡ್ರಿ," ಎಂದವಳೇ ಸುಧಾ ಭಾರದ ಗೇರು ಹಾಕಿದಳು.

ಪಾಲೋ ಆಲ್ಟೋವರೆಗೂ ನಾನು ಅವಳ ಬೆನ್ನು ನೋಡುತ್ತಾ ಹೋದೆ.