ಕ್ಯಾಪ್ಟನ್ ಗಿರಿಜಮ್ಮನವರ ಒಂದೇ ಕಂತು

ಬೇಡ ಎನ್ನಬೇಕಾದ ಕಡೆ ಹೂಂ ಎಂದು ತಲೆಯಾಡಿಸಿಬಿಡುವುದು ನನ್ನ ಹುಟ್ಟುಗುಣ. ಇದರಿಂದಾಗಿ ಮನೆಯಲ್ಲಿ ಒಂದಿರುವಾಗಲೇ ಇನ್ನೊಂದು ಮಿಕ್ಸಿ ಕೊಂಡಿದ್ದೇನೆ, ಗುರುತಿಲ್ಲದವರ ಗೃಹಪ್ರವೇಶದಲ್ಲಿ ಸೊಂಟಕ್ಕೆ ಟವೆಲು ಕಟ್ಟಿ ಸಾರು ಬಡಿಸಿದ್ದೇನೆ. ಅವನ್ನೆಲ್ಲ ನೆನೆದು ನಗಬಹುದು. ಗಿರಿಜಮ್ಮನವರ ವಿಷಯಕ್ಕೆ ಮಾತ್ರ ನಗು ಬರುವುದಿಲ್ಲ.

ಶಿಕಾರಿಪುರದಲ್ಲಿ ವಿಜ್ಞಾನದ ಮೇಷ್ಟ್ರಾದ ನಾನು ಬಾಹ್ಯಾಕಾಶದ ಧಾರಾವಾಹಿಯೊಂದನ್ನು ಬರೆದೆ. ಶಿರಾಳಕೊಪ್ಪದಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯ ಬಸವರಾಜ, "ಚಾನೆಲ್‌ನೋರಿಗೆ ಮೊದ್ಲು ಒಂದು ಕಂತು ಮಾಡಿ ತೋರಿಸ್ಬೇಕ್ರೀ ಮೇಷ್ಟ್ರೇ, ಅದಕ್ಕ ಪೈಲಟ್ ಅಂತಾರ" ಎಂದ. ಅರ್ಧ ಕೇಳಿಸಿಕೊಂಡ ನನ್ನ ಹೆಂಡತಿ ತವರಿಗೆ ಫೋನ್ ಮಾಡಿ, ನಾನು ಈ ವಯಸ್ಸಿನಲ್ಲಿ ವಿಮಾನ ಓಡಿಸಲು ಹೊರಟಿದ್ದೇನೆಂದು ಅತ್ತಳು. ಆನವಟ್ಟಿಯ ಹಳೆಯ ರೈಸ್‌ಮಿಲ್ಲೇ ನಮ್ಮ ಗಗನನೌಕೆ. ಅದರ ಕ್ಯಾಪ್ಟನ್ ಸೊರಬದ ನಿವೃತ್ತ ಶಿಕ್ಷಕಿ ಗಿರಿಜಮ್ಮ. ಹವ್ಯಾಸಿ ನಾಟಕಗಳಲ್ಲಿ ಮೂವತ್ತು ವರ್ಷ ಬರೀ ಅಳುವ ತಾಯಿಯ ಪಾತ್ರ ಮಾಡಿ ಬೇಸತ್ತವರು. ಬೆಳ್ಳಿಬಣ್ಣದ ಕೋಟು ತೊಟ್ಟು, "ಈ ನೌಕೆ ಹಿಂದಕ್ಕೆ ತಿರುಗೋದಿಲ್ಲ!" ಎಂದು ಅವರು ಗದರಿದಾಗ, ತೌಡಿನ ಮೂಟೆ ಹೊತ್ತಿದ್ದ ಹಮಾಲರು ಮೂಟೆ ಇಳಿಸಿ ನೆಟ್ಟಗೆ ನಿಂತರು.

ಚಾನೆಲ್ಲಿನವರು ಕಂತು ನೋಡಿ ನನ್ನನ್ನೂ ಬಸವರಾಜನನ್ನೂ ಕರೆಸಿದರು. "ಕಥೆ ಚೆನ್ನಾಗಿದೆ ಸರ್, ಕ್ಯಾಪ್ಟನ್‌ಗೆ ವಯಸ್ಸು ಜಾಸ್ತಿಯಾಯ್ತು. ಯಾರಾದ್ರೂ ಹುಡುಗೀನ ಹಾಕೋಣವಾ?" ಎಂದರು. ಬೇಡವೆನ್ನಿ ಎಂಬಂತೆ ಬಸವರಾಜ ಮೇಜಿನಡಿ ನನ್ನ ಕಾಲು ತುಳಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡು ತಲೆಯಾಡಿಸಿದೆ. ಎರಡು ತಿಂಗಳ ಮೇಲೆ, ಇಂಥದ್ದನ್ನು ಮನೆಮಂದಿ ನೋಡುವುದಿಲ್ಲವೆಂದು ಅವರು ಧಾರಾವಾಹಿಯನ್ನೇ ಕೈಬಿಟ್ಟರು.

ಸೊರಬಕ್ಕೆ ಹೋಗಿ, ಅದು ನಿಂತುಹೋದ ಸುದ್ದಿಯನ್ನಷ್ಟೇ ಹೇಳಿದೆ. ಗಿರಿಜಮ್ಮ ಕಾಫಿ ತಂದಿಟ್ಟು, "ಬಸವರಾಜ ಎಲ್ಲಾ ಹೇಳಿದ್ದಾನೆ. ನನ್ನನ್ನ ಬಿಡೋದಾದ್ರೆ ಬಿಡಿ ಮೇಷ್ಟ್ರೇ, ಒಂದು ಮಾತು ನೀವೇ ಹೇಳಿದ್ರೆ ಆಗ್ತಿತ್ತು" ಎಂದರು. ನಾನು, ಕಾಫಿ ಚೆನ್ನಾಗಿದೆ ಎಂದೆ. ಅವರು, "ಆ ಕಂತು ಪೆನ್‌ಡ್ರೈವಿಗೆ ಹಾಕಿ ಕೊಡಿ, ಮೊಮ್ಮಗಳಿಗೆ ತೋರಿಸ್ತೀನಿ" ಎಂದರು.

ಈಗ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರಂತೆ. ಬರೆದವರಾರು ಎಂದು ಕೇಳಿದರೆ, "ನಮ್ಮ ಮೇಷ್ಟ್ರು, ಬಹಳ ಒಳ್ಳೆಯೋರು" ಅನ್ನುತ್ತಾರಂತೆ. ನಾಲ್ಕು ಜನರೆದುರು ಬೈದಿದ್ದರೆ ನಾನೂ ತಿರುಗಿ ಬೈದು, ತಪ್ಪನ್ನು ಅರ್ಧಕ್ಕರ್ಧ ಹಂಚಿಕೊಂಡು ಹಾಯಾಗಿರುತ್ತಿದ್ದೆ. ಆ ಪುಣ್ಯಾತ್ಗಿತ್ತಿ ಅದಕ್ಕೂ ಅವಕಾಶ ಕೊಡಲಿಲ್ಲ.