ಜೋಗುಳ ಮುದ್ರಣದ ಪೂರ್ವಸಿದ್ಧತೆ

ಈ ವೃತ್ತಾಂತವನ್ನು ನನಗೆ ಮೊದಲು ಹೇಳಿದವರು ಆ ಮನೆಯ ಯಜಮಾನರೇ. ಅವರು ನಗದೆ ಹೇಳಿದರು; ಆದಕಾರಣ ನಾನೂ ನಗದೆ ಬರೆಯುತ್ತಿದ್ದೇನೆ.

ಯಾವುದೇ ವಸ್ತುವನ್ನು ಕೊಳ್ಳುವ ಮುನ್ನ ಕೂಲಂಕಷವಾಗಿ ವಿಚಾರ ಮಾಡತಕ್ಕದ್ದು ಎಂಬುದು ನಿರ್ವಿವಾದ. ಯಜಮಾನರು ಕಚೇರಿಯೊಂದರ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಸೂಜಿ ಬೇಕೆಂದರೂ ಮೂರು ಅಂಗಡಿ ವಿಚಾರಿಸದೆ ತರಿಸಿದವರಲ್ಲ. ಅವರ ಸೇವಾವಧಿಯಲ್ಲಿ ಒಂದೂ ತಪ್ಪು ಖರೀದಿ ಆಗಲಿಲ್ಲ, ಖರೀದಿಯೇ ವಿರಳವಾಗಿತ್ತು.

ಅವರ ತಾಯಿಗೆ ಒಂದು ಜೋಗುಳ ಬರುತ್ತಿತ್ತು. ಆಕೆಗೆ ತನ್ನ ತಾಯಿಯಿಂದ ಬಂದದ್ದು. ಭೂಮಿಯ ಮೇಲೆ ಬೇರೆ ಯಾರಿಗೂ ಬಾರದು. ಯಜಮಾನರಿಗೆ ಮೊಮ್ಮಗಳು ಹುಟ್ಟಿದಾಗ ಅವರು, ಅಮ್ಮನಿರುವಾಗಲೇ ಅದನ್ನು ವಿಡಿಯೋ ಮಾಡಿಡಬೇಕೆಂದು ನಿಶ್ಚಯಿಸಿದರು. ಕ್ಯಾಮೆರಾ ಸೊಸೆಯ ತವರಿನಿಂದ ಬಂದಿತ್ತು. ಚಿತ್ರವನ್ನು ಹಿಡಿದಿಡುವ ರೆಕಾರ್ಡರ್ ಒಂದು ಬೇಕಿತ್ತು.

ಅಂಗಡಿಯವನು ಹೇಳಿದ: "ಟೇಪಿನ ಕಾಲ ಮುಗೀತು ಸಾರ್. ಈಗೆಲ್ಲ ಡಿವಿಡಿ ಡಿಸ್ಕು. ಅದ್ರಲ್ಲೂ ಎರಡು ಜಾತಿ. ಕೂಡೋ ಗುರುತಿಂದು, ಕಳೆಯೋ ಗುರುತಿಂದು. ಇದ್ರ ಯಂತ್ರಕ್ಕೆ ಅದು ಹಿಡಿಸಲ್ಲ."

"ಕೊನೆಗೆ ಉಳಿಯೋದು ಯಾವುದು?"

"ಅದು ದೇವರಿಗೇ ಗೊತ್ತು."

ದೈವಭಕ್ತರಾದ ಯಜಮಾನರು ಇದನ್ನು ಉತ್ತರವೆಂದೇ ಸ್ವೀಕರಿಸಿ, ಮೇಲಿನವನ ತೀರ್ಮಾನ ಹೊರಬೀಳುವವರೆಗೆ ಕಾಯುವುದಾಗಿ ತಿಳಿಸಿ ಮನೆಗೆ ಬಂದರು. ಊಟದ ಹೊತ್ತಿಗೆ ಪ್ರಕಟಣೆ ಹೊರಟಿತು: "ಯಂತ್ರ ಬರುವವರೆಗೆ ತಾಯಿಯವರು ಜೋಗುಳವನ್ನು ಹಾಡತಕ್ಕದ್ದಲ್ಲ. ಹಾಡಿದಲ್ಲಿ ಕಂಠ ಸವೆದು ಮುದ್ರಣದ ಗುಣಮಟ್ಟಕ್ಕೆ ಧಕ್ಕೆಯಾಗುವ ಸಂಭವವಿದೆ. ಮಗು ಅತ್ತಲ್ಲಿ ತಟ್ಟಿ ಮಲಗಿಸುವುದು."

"ಹಾಡೇನು ಹೊಸ ಬಟ್ಟೆನೇನೋ, ಪೆಟ್ಟಿಗೇಲಿ ಮಡಿಚಿಡೋಕೆ?" ಎಂದರು ತಾಯಿ.

"ಅವಸರ ಮಾಡಿ ತಂದ್ಮೇಲೆ ಆ ಡಿಸ್ಕೇ ನಿಂತುಹೋದ್ರೆ ಏನಮ್ಮ ಮಾಡೋದು?"

"ನಾನೇ ನಿಂತುಹೋದ್ರೆ?"

ಆ ವಿಷಯ ಅಂದಿನ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಮುಂದಿನ ಸಲ ಹೋದಾಗ ಕೂಡುವುದೂ ಕಳೆಯುವುದೂ ರಾಜಿಯಾಗಿ ಒಂದೇ ಯಂತ್ರದಲ್ಲಿ ಸಂಸಾರ ಹೂಡಿದ್ದವು. ಯಜಮಾನರು ಕೈ ಚಾಚಿದರು. "ಈಗ ಬೇಡ ಸಾರ್," ಎಂದ ಅಂಗಡಿಯವನು, "ನೀಲಿ ಬೆಳಕಿನ ಡಿಸ್ಕು ಬರ್ತಿದೆ. ಆದ್ರೆ ಅದಕ್ಕೂ ಒಬ್ಬ ದಾಯಾದಿ ಇದಾನೆ." ದಾಯಾದಿಗಳ ಜಗಳದಲ್ಲಿ ನಡುವೆ ತಲೆ ಹಾಕುವುದು ಗೃಹಸ್ಥನಿಗೆ ಸಲ್ಲದು. ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಮಗು ಅಂಬೆಗಾಲಿಟ್ಟು, ನಿಂತು, ಹೊಸಿಲು ದಾಟಿತು. "ಮಾವ, ಇನ್ನು ಸ್ವಲ್ಪ ದಿನ ಹೋದ್ರೆ ಜೋಗುಳ ಬೇಡ ಅಂತ ಇವಳೇ ಬಾಯಿಬಿಟ್ಟು ಹೇಳ್ತಾಳೆ," ಎಂದಳು ಸೊಸೆ. ಬೇಡಿಕೆ ಕಡಿಮೆಯಾಗಿರುವುದರಿಂದ ತುರ್ತಿಲ್ಲವೆಂದು ಯಜಮಾನರು ಮನಗಂಡರು.

ನೀಲಿಯದು ಗೆದ್ದಿತು. ಗೆದ್ದ ಸುದ್ದಿ ಕೇಳಿ ಓಡಿಹೋದರೆ ಅಂಗಡಿಯವನು ತಲೆ ಕೆರೆದುಕೊಂಡ: "ಡಿಸ್ಕೇ ಹೋಗ್ತಿದೆಯಂತೆ ಸಾರ್. ಇನ್ನೆಲ್ಲ ಪೆನ್‌ಡ್ರೈವ್ ಅನ್ನೋ ಬೆರಳುದ್ದದ ಕಡ್ಡೀಲಿ."

ಅದೇ ವಾರ ತಾಯಿ ಸೊಸೆಯನ್ನು, ಎಂದೋ ತೀರಿಹೋದ ತಮ್ಮ ಅಕ್ಕನ ಹೆಸರಿಟ್ಟು ಕರೆದರು. ಯಜಮಾನರು ಊಟಕ್ಕೂ ಕೂರದೆ ಅಂಗಡಿಗೆ ನಡೆದು, ಅಟ್ಟಣೆಯ ಮೇಲೆ ಧೂಳು ಹಿಡಿದಿದ್ದ ಹಳೆಯ ಕೂಡು-ಕಳೆ ಯಂತ್ರವನ್ನು ತೋರಿಸಿದರು.

"ಅದು ಹೋಗೋ ಕಾಲದ್ದು ಸಾರ್."

"ನಾವೂ ಅದೇ ಕಾಲದವರು. ಕಟ್ಟಿಕೊಡಿ."

ಮುದ್ರಣದ ದಿನ ಫ್ಯಾನು ನಿಲ್ಲಿಸಲಾಯಿತು. ಕೆಂಪು ದೀಪ ಹೊತ್ತಿತು. ತಾಯಿ ಕೂದಲು ನೀವಿಕೊಂಡು, ನೆಟ್ಟಗೆ ಕೂತು ಹಾಡಿದರು:

"ಮಲಗು ಮಲಗೇ ಮಿಂಚುಹುಳವೇ, ದೀಪ ನಾನು ಕಾಯುವೆ..."

ಅಲ್ಲಿಗೆ ನಿಂತಿತು. "ಆಮೇಲೆ ಏನಿತ್ತೋ, ಮಗಾ?"

ಯಜಮಾನರು ಬಾಯಿ ತೆರೆದರು. ಅವರು ಬಾಲ್ಯದಲ್ಲಿ ಪ್ರತಿ ಸಲವೂ ಇದೇ ಸಾಲಿಗೆ ನಿದ್ದೆ ಹೋದವರೆಂಬ ಅಂಶ ಆಗ ಬೆಳಕಿಗೆ ಬಂತು. ಸೊಸೆಯ ಕಡೆ ನೋಡಿದರು. ಪ್ರಕಟಣೆಗೆ ಮುಂಚಿನ ಬಾಣಂತನದ ದಿನಗಳಲ್ಲಿ ಅವಳೂ ಮಗುವಿನ ಜೊತೆಗೇ ತೂಕಡಿಸಿದ್ದಳು. ಆಮೇಲೆ ಮಗುವನ್ನು ತಟ್ಟಿಯೇ ಮಲಗಿಸಲಾಗಿತ್ತು. ಜೋಗುಳವು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ನಿರ್ವಹಿಸಿತ್ತು. ಎರಡನೆಯ ಸಾಲಿಗೆ ಎಚ್ಚರವಿದ್ದ ಸಾಕ್ಷಿ ಒಬ್ಬರೂ ಇರಲಿಲ್ಲ.

"ಹೋಗಲಿ ಬಿಡೋ," ಎಂದರು ತಾಯಿ. "ಅದನ್ನ ಆರಿಸ್ಬೇಡ, ಪಾಪ, ಅಷ್ಟು ವಿಚಾರ ಮಾಡಿ ತಂದಿದೀಯ." ಡಿಸ್ಕು ತುಂಬುವವರೆಗೂ ಆಕೆ ಯಂತ್ರವನ್ನೇ ನೋಡುತ್ತ ಕೂತಿದ್ದರು. ಚಿತ್ರ ಬಹಳ ಸ್ಪಷ್ಟವಾಗಿ ಬಂದಿದೆ. ಮಸುಕಾದದ್ದು ಯಜಮಾನರ ಕನ್ನಡಕ ಮಾತ್ರ.

ಮುದ್ರಣ ಯಶಸ್ವಿಯಾಯಿತೆಂದು ಮನೆಮಂದಿಯೆಲ್ಲ ಒಮ್ಮತದಿಂದ ಒಪ್ಪಿದರು. ಅಂಗಡಿಯವನೂ ಬಂದು ನೋಡಿ, "ಒಂದು ಚುಕ್ಕೆ ಇಲ್ಲ ಸಾರ್, ಮೌನ ಎಷ್ಟು ಚೊಕ್ಕವಾಗಿ ಕೂತಿದೆ," ಎಂದು ಪ್ರಮಾಣೀಕರಿಸಿದ. ಈಗ ಪ್ರತಿ ರಜೆಯ ದಿನ ಎಲ್ಲರೂ ಕೂತು ಅದನ್ನು ನೋಡುತ್ತಾರೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಯಜಮಾನರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ. ಪಕ್ಕದಲ್ಲಿ ಕೂತ ತಾಯಿ, ಯಾರ ಮಗನೆಂದು ಸರಿಯಾಗಿ ನೆನಪಾಗದಿದ್ದರೂ, ತಟ್ಟುತ್ತಾರೆ.

ಇದನ್ನು ಓದಿದವರು ಇನ್ನೊಬ್ಬರಿಗೆ ಹೇಳಬೇಕಾಗಿ ಕೋರಿಕೆ. ದಯಮಾಡಿ ಬಾಯಲ್ಲೇ ಹೇಳಿ, ಪೂರ್ತಿ ಹೇಳಿ. ಯಾವುದರಲ್ಲಿ ಮುದ್ರಿಸಿಡಬೇಕೆಂಬ ವಿಷಯ ಇನ್ನೂ ಪರಿಶೀಲನೆಯಲ್ಲಿದೆ.